ಹೀರಾಬಾಯಿ ತಂದ ಬ್ಯಾಟರಿ

ನನ್ನ ಮಗಳು ಶ್ರೀವಾಣಿ ಬಾಣಂತನಕ್ಕೆ ಸೇಡಮ್ಮಿನ ನಮ್ಮ ಮನೆಯಲ್ಲಿದ್ದಳು. ಎರಡು ಸಾವಿರದ ಆರನೆಯ ಇಸವಿಯ ಚಳಿಗಾಲ ಅದು. ಹೆಣ್ಣುಕೂಸು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಅಳಿಯ ಸುಜಯನನ್ನು ಸಿಮೆಂಟ್ ಕಂಪನಿಯವರು ಛತ್ತೀಸಗಡದ ಕಾರ್ಖಾನೆಗೆ ಕಳಿಸಿದ್ದರಿಂದ ಅವನು ಕೂಸಿನ ಮುಖ ಇನ್ನೂ ನೋಡಿರಲಿಲ್ಲ. ದಿನಾ ಹನ್ನೆರಡು ಗಂಟೆಗೆ, ಊಟದ ಬಿಡುವಿನಲ್ಲಿ, ಫೋನ್ ಮಾಡುತ್ತಿದ್ದ. ಶ್ರೀವಾಣಿ ಮೊಬೈಲನ್ನು ಕೂಸಿನ ಬಾಯಿಯ ಹತ್ತಿರ ಹಿಡಿಯುತ್ತಿದ್ದಳು. ಕೂಸು ಅಳಲಿ, ಬಿಕ್ಕಲಿ, ಬರೀ ಉಸಿರಾಡಲಿ, ಆ ಕಡೆ ಅವನು ಮಾತಿಲ್ಲದೆ ಕೇಳುತ್ತಿದ್ದ.

ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯಲು ಬರುತ್ತಿದ್ದವಳು ಹೀರಾಬಾಯಿ. ಕಾಗಿಣಾ ಹೊಳೆಯ ದಂಡೆಯ ಓಣಿಯವಳು. ಶ್ರೀವಾಣಿ ಹುಟ್ಟಿದಾಗಲೂ ಅವಳೇ ಎರೆದಿದ್ದಳು. ಕೂಸನ್ನು ಮುಟ್ಟುವ ಮೊದಲು ತನ್ನ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಶ್ರೀವಾಣಿಯ ಮೊಬೈಲಿನ ಬ್ಯಾಟರಿ ಹಳೆಯದಾಗಿ, ಮಾತಿನ ನಡುವೆಯೇ ಆರಿಹೋಗುತ್ತಿತ್ತು. ಒಂದು ದಿನ ಕೂಸು ಮೊದಲ ಸಲ ಸೀನಿದ್ದನ್ನು ಗಂಡನಿಗೆ ಕೇಳಿಸಬೇಕೆನ್ನುವಷ್ಟರಲ್ಲಿ ಫೋನ್ ಸತ್ತಿತು. ಹುಡುಗಿ ಅತ್ತಳು. ಹೀರಾಬಾಯಿ ಅವಳ ತಲೆ ಒರೆಸುತ್ತ ಹೇಳಿದಳು, "ಅಳಬ್ಯಾಡವ್ವ. ದೂರ ಅದಾನ ಅಂತ ಕೂಸಿನ ಅಳು ಕೇಳಾಕ ಹಂಬಲಸ್ತಾನ. ಮನ್ಯಾಗ ಇದ್ದಿದ್ರ ಕೌದಿ ಸುತಗೊಂಡು ಮಾಳಗಿ ಮ್ಯಾಲ ಹೋಗಿ ಮಲಗ್ತಿದ್ದ." ಶ್ರೀವಾಣಿ ಅಳುತ್ತಲೇ ನಕ್ಕಳು.

ಮೂರು ದಿನ ಬಿಟ್ಟು ಹೀರಾಬಾಯಿ ಸೆರಗಿನ ಗಂಟು ಬಿಚ್ಚಿ ಹೊಸ ಬ್ಯಾಟರಿಯೊಂದನ್ನು ಶ್ರೀವಾಣಿಯ ಕೈಯಲ್ಲಿಟ್ಟಳು. ಅವಳ ಮಗ ತಮ್ಮಣ್ಣ ವಾಡಿ ಸ್ಟೇಷನ್ನಿನ ಹೊರಗೆ ಬುಟ್ಟಿಯಲ್ಲಿಟ್ಟು ಮಾರುವವನ ಹತ್ತಿರ ಎರಡು ಕೊಂಡಿದ್ದನಂತೆ. ಇನ್ನೊಂದು ಅವನ ಹೆಂಡತಿ ಭಾಗ್ಯಜ್ಯೋತಿಯ ಫೋನಿಗೆ. ಆ ಸೊಸೆಯ ಸುದ್ದಿ ಹೇಳುವಾಗ ಹೀರಾಬಾಯಿಗೆ ನಗು, ಹೆಮ್ಮೆ ಎರಡೂ. ದಾರ ಕಟ್ಟಿ ಫೋನನ್ನು ಕೊರಳಿಗೆ ಹಾಕಿಕೊಂಡಿದ್ದಾಳಂತೆ, ಒಲೆಯ ಮುಂದೆ ರೊಟ್ಟಿ ಬಡಿಯುವಾಗಲೂ ತೆಗೆಯುವುದಿಲ್ಲವಂತೆ. ನಾನು ದುಡ್ಡು ಕೊಡಹೋದರೆ ನನ್ನ ಕೈ ಹಿಂದಕ್ಕೆ ತಳ್ಳಿದಳು. "ಕೂಸಿಗಿ ನಂದೊಂದು ಇರ್ಲಿ ಬಿಡ್ರಿ ಅಕ್ಕೋರ."

ಬ್ಯಾಟರಿಯ ಮೇಲೆ ದೊಡ್ಡ ಕಂಪನಿಯ ಹೆಸರಿತ್ತು. ಎಣ್ಣೆಗೈ ತಾಗಿದಾಗ ಆ ಹೆಸರು ಹೆಬ್ಬೆರಳಿಗೆ ಅಂಟಿಕೊಂಡು ಬಂತು.

ನಾಲ್ಕನೆಯ ದಿನಕ್ಕೆ ಫೋನು ಮುಟ್ಟಿದರೆ ಜ್ವರ ಬಂದ ಮೈಯಂತೆ ಅನಿಸಿತು. ವಾರ ತುಂಬುವಷ್ಟರಲ್ಲಿ ಹಿಂದಿನ ಮುಚ್ಚಳ ಎದ್ದು ನಿಂತಿತು. ಶ್ರೀವಾಣಿ ಅದನ್ನು ಒತ್ತಿ, ತಲೆಗೆ ಹಾಕುವ ರಬ್ಬರು ಸುತ್ತಿದಳು. ಚಾರ್ಜು ಭಾಳ ಹೊತ್ತು ನಿಲ್ಲುತ್ತದೆ, ನೀ ಸುಮ್ಮನಿರು ಎಂದಳು ನನಗೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮುಚ್ಚಿದ ಡಬ್ಬಿ ತಾನಾಗಿ ಉಬ್ಬಿದರೆ ಒಳಗೆ ಏನೋ ಹುಟ್ಟುತ್ತಿದೆ ಎಂದು ತಿಳಿಯದವಳಲ್ಲ. ಆದರೆ ದಿನಾ ಬೆಳಿಗ್ಗೆ ಹೀರಾಬಾಯಿ ಒಳಗೆ ಬರುತ್ತಲೇ ಕೇಳುತ್ತಿದ್ದಳು, ಬ್ಯಾಟರಿ ಚಲೋ ನಡೀಲಿಕತ್ತದೇನವ್ವ ಎಂದು. ಅವಳ ಕಣ್ಣೆದುರೇ ಅದನ್ನು ತೆಗೆದು ಎಸೆಯಲು ನನಗೆ ಮನಸ್ಸಾಗಲಿಲ್ಲ. ಹೀಗೆ ಎರಡು ದಿನ ತಳ್ಳಿದೆ. ಆ ಎರಡು ದಿನಗಳಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕೊನೆಗೊಂದು ಉಪಾಯ ಹೊಳೆಯಿತು. ಅಂಥದೇ ಅಸಲಿ ಬ್ಯಾಟರಿ ತಂದು, ಯಾರಿಗೂ ಹೇಳದೆ ಬದಲಿಸಿಬಿಡುವುದು. ಹೀರಾಬಾಯಿಗೆ ಗೊತ್ತಾಗುವುದೇ ಬೇಡ. ಮರುದಿನ ಹನ್ನೊಂದರ ಸುಮಾರಿಗೆ, ಅವಳು ಎರೆದು ಮುಗಿಸಿ ಅಂಗಳದಲ್ಲಿ ಇದ್ದಿಲು ಹೊತ್ತಿಸುತ್ತಿದ್ದಾಗ, ಫೋನಿನ ಮೊದಲಿನ ಹಳೆಯ ಬ್ಯಾಟರಿಯನ್ನು ನಮೂನೆಗೆಂದು ಚೀಲದಲ್ಲಿ ಹಾಕಿಕೊಂಡು ಹೊರಟೆ. ನಮ್ಮವರು ಮಠದ ಕೆಲಸಕ್ಕೆ ಮಳಖೇಡಕ್ಕೆ ಹೋಗಿದ್ದರು.

ಬಸ್‌ಸ್ಟ್ಯಾಂಡಿನ ಎದುರು ಲಾಲ್ ಅಹ್ಮದನ ಮೊಬೈಲ್ ರಿಪೇರಿ ಅಂಗಡಿ. ನನ್ನ ಕೈಯಲ್ಲಿ ಒಂಬತ್ತನೆಯ ಇಯತ್ತೆ ಓದಿದವನು. ನನ್ನನ್ನು ಕಂಡು ತಾನು ಕೂತ ಸ್ಟೂಲನ್ನೇ ಒರೆಸಿ ಕೊಟ್ಟ. ಹಳೆಯ ಬ್ಯಾಟರಿ ನೋಡಿ, ಈಗ ಯಾವುದು ಹಾಕಿದ್ದೀರಿ ಎಂದು ಕೇಳಿದ. ವಾಡಿಯದು, ಮುಚ್ಚಳ ಎದ್ದಿದೆ ಎಂದೆ.

ಅವನು ಮೂಲೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದ. ಅದರೊಳಗೆ ಉಸುಕು, ಉಸುಕಿನಲ್ಲಿ ಹುಗಿದ ಒಂದು ಬ್ಯಾಟರಿ. ಅದು ಪೂರಿಯಂತೆ ಉಬ್ಬಿತ್ತು.

"ಹಿಂಗ ಅದೇನ್ರಿ ಟೀಚರ್?"

"ಇದಕ್ಕಿಂತ ದಪ್ಪ."

"ಇದರಾಗ ಕೆಮಿಕಲ್ ಮಸಾಲಿ ಹೆಂಗರ ತುಂಬಿರ್ತಾರ್ರಿ. ಬಿಸಿ ಆದ್ರ ಕರೆಂಟ್ ತಡಿಯೋ ಚಿಪ್ ಹಾಕಿರಂಗಿಲ್ಲ. ಮೊನ್ನಿ ಭಂಕೂರದವರೊಬ್ಬರ ಕಿಸೇದಾಗ ಬೆಂಕಿ ಹತಗೊಂಡು ತೊಡಿ ಸುಟ್ಟದ." ಅವನ ದನಿ ಇಳಿಯಿತು. "ಎಲ್ಲಿ ಇಡ್ತೀರಿ ಆ ಫೋನ?"

"ತಲೆದಿಂಬಿನ ಕೆಳಗೆ," ಎಂದೆ. ಎಂದವಳು ಅಲ್ಲೇ ನಿಂತೆ. ತಲೆದಿಂಬು ಹೊರಸಿನ ಮೇಲೆ. ಹೊರಸಿನ ಕೆಳಗೆ, ಬಾಣಂತಿಯ ಬೆನ್ನು ಕಾಯಲೆಂದು, ದಿನಾ ಇದೇ ಹೊತ್ತಿಗೆ ಹೀರಾಬಾಯಿ ಕೆಂಡದ ಅಗ್ಗಿಷ್ಟಿಗೆ ಇಡುತ್ತಾಳೆ. ಚಳಿ ತಾಗದಿರಲೆಂದು ಇವತ್ತು ತಲೆಯ ಕಡೆಗೂ ಒಂದು ಇಡುತ್ತೇನೆ ಎಂದಿದ್ದಳು.

ಮನೆಯಲ್ಲಿದ್ದ ಫೋನೂ ಅದೊಂದೇ. ಅವನಿಗೆ ಅಷ್ಟೂ ಹೇಳಿದೆನೋ, ಅರ್ಧ ಹೇಳಿದೆನೋ. ಗಿರಾಕಿಗಳಿಬ್ಬರು ನಿಂತಿರುವಾಗಲೇ ಅವನು ಶಟರು ಎಳೆದ. ಅವನ ಸ್ಕೂಟರಿನ ಹಿಂದೆ ಕೂತು, ಒಂದು ಕೈಯಲ್ಲಿ ಸೀಟಿನ ಹಿಡಿ, ಇನ್ನೊಂದರಲ್ಲಿ ಆ ಸತ್ತ ಹಳೆಯ ಬ್ಯಾಟರಿ ಹಿಡಿದಿದ್ದೆ. ಮನೆಗೆ ಐದು ನಿಮಿಷದ ದಾರಿ. ರೈಲ್ವೆ ಗೇಟು ಹಾಕದಿರಲಿ ಎಂಬುದೊಂದೇ ನನ್ನ ಬಾಯಲ್ಲಿತ್ತು. ಯಾರೋ ಎಮ್ಮೆ ದಾಟಿಸುತ್ತಿದ್ದವರು ನನ್ನ ಮುಖ ನೋಡಿ ಎಮ್ಮೆಯ ಕೊಂಬು ಹಿಡಿದು ದಾರಿ ಬಿಟ್ಟರು.

ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿತ್ತು. ಗಾಳಿ ಬಾರದಂತೆ ಹೊಸ್ತಿಲಿಗೆ ಹಳೆಯ ಸೀರೆ ತುರುಕಿತ್ತು. ದೂಡಿದೆ. ಲೋಬಾನದ ಹೊಗೆ, ಕತ್ತಲೆ. ಶ್ರೀವಾಣಿ ಎರೆದುಕೊಂಡ ಆಯಾಸಕ್ಕೆ ನಿದ್ದೆಹೋಗಿದ್ದಳು, ಅವಳ ತೋಳಿನ ಮೇಲೆ ಕುಂಚಿಗೆ ಕಟ್ಟಿದ ಕೂಸು. ಕಾಲ ಕಡೆ ಹೀರಾಬಾಯಿ ತೂಕಡಿಸುತ್ತಿದ್ದಳು. ಎಲ್ಲ ಎಷ್ಟು ಶಾಂತವಾಗಿತ್ತೆಂದರೆ ಒಂದು ಗಳಿಗೆ ನಾನೇ ಹುಚ್ಚಿ ಎನಿಸಿತು. ಆಮೇಲೆ ಹೊಗೆಯೊಳಗಿಂದ ಇನ್ನೊಂದು ವಾಸನೆ ಬಂತು. ಸಿಹಿಯಾದ, ಉಗುರುಬಣ್ಣದಂಥ ವಾಸನೆ. ತಲೆದಿಂಬಿನ ಕೆಳಗಿನಿಂದ ಹಾವು ಬುಸುಗುಟ್ಟಿದಂಥ ಸಣ್ಣ ಸದ್ದು.

ಕೂಸನ್ನು ಎತ್ತಿದೆ. ತಿರುಗಿದರೆ ಬಾಗಿಲಲ್ಲಿ ಲಾಲ್ ಅಹ್ಮದ್. ಬಾಣಂತಿಯ ಕೋಣೆಯೆಂದು ಕಣ್ಣು ನೆಲಕ್ಕೆ ಹಾಕಿ, ಎರಡೂ ಕೈ ಮಾತ್ರ ಮುಂದೆ ಚಾಚಿ ನಿಂತಿದ್ದ. ಆ ಕೈಗಳಲ್ಲಿ ಕೂಸನ್ನು ಇಟ್ಟೆ. ಶ್ರೀವಾಣಿಯ ತೋಳು ಹಿಡಿದು ಎಳೆದೆ. ಅವಳು ಏನು, ಯಾಕೆ ಎನ್ನುತ್ತ ಏಳುವಷ್ಟರಲ್ಲಿ ದಿಂಬಿನ ಅರಿವೆ ಕಂದುಬಣ್ಣಕ್ಕೆ ತಿರುಗಿತು.

ಹೀರಾಬಾಯಿ ಯಾರನ್ನೂ ಕೇಳಲಿಲ್ಲ. ಫೋನು ಸಮೇತ ದಿಂಬನ್ನು ಎರಡೂ ಕೈಯಿಂದ ಅವುಚಿಕೊಂಡು ನಮ್ಮನ್ನು ದಾಟಿ ಅಂಗಳಕ್ಕೆ ಓಡಿದಳು. ಬಟ್ಟೆ ಒಗೆಯುವ ಫರಸಿಕಲ್ಲಿನ ಮೇಲೆ ಅದನ್ನು ಎಸೆದಳೋ ಇಲ್ಲವೋ, ಬಿಳಿಯ ಉರಿಯೊಂದು ಚಿಮ್ಮಿ ಅರಳೆಯನ್ನೆಲ್ಲ ನುಂಗಿತು. ಪಟಾಕಿ ಹೊಡೆದಂಥ ಸದ್ದು. ಪಕ್ಕದ ತೊಟ್ಟಿಯ ನೀರಿಗೆ ಕೈಹಾಕಿದ ನನ್ನನ್ನು ಲಾಲ್ ಅಹ್ಮದ್ ತಡೆದ. ಕೂಸನ್ನು ಶ್ರೀವಾಣಿಗೆ ಕೊಟ್ಟು, ಮೂಲೆಯಲ್ಲಿದ್ದ ಉಸುಕನ್ನು ಬೊಗಸೆ ಬೊಗಸೆಯಾಗಿ ಸುರಿದ.

ಕೂಸು ಎಚ್ಚರವಾಗಿ ಅಳತೊಡಗಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿರಲಿಲ್ಲ.

ಹೀರಾಬಾಯಿಯ ಅಂಗೈಗಳು ಸುಟ್ಟಿದ್ದವು. ತಣ್ಣೀರು ಹಾಕಲು ಅವಳ ಕೈ ಹಿಡಿದುಕೊಂಡೆ. ಅವಳು ಉಸುಕಿನ ಗುಪ್ಪೆಯನ್ನೇ ನೋಡುತ್ತಿದ್ದಳು.

"ನಾ ತಂದದ್ದೇ ಅಲ್ರಿ ಅಕ್ಕೋರ, ಅದು?"

ಅಲ್ಲ ಎನ್ನಲು ಬಾಯಿ ತೆರೆದೆ. ಅವಳ ಅಂಗೈ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದೆ.

"ನಿಮಗ ಗೊತ್ತಿತ್ತೇನ್ರಿ?"

"ಎರಡು ದಿನದಿಂದ ಅನುಮಾನ ಇತ್ತು, ಹೀರಾಬಾಯಿ. ನಿನಗೆ ಬ್ಯಾಸರ ಆಗ್ತದ ಅಂತ ಹೇಳಲಿಲ್ಲ."

ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ಒಮ್ಮೆಲೇ ಬಿಳಿಚಿಕೊಂಡಿತು, ಕೈ ನನ್ನ ಕೈಯೊಳಗಿಂದ ಜಾರಿತು.

"ಹೊತ್ತೆಷ್ಟಾತ್ರಿ?" ಎಂದಳು.

ಹನ್ನೆರಡಕ್ಕೆ ಐದು ನಿಮಿಷವಿತ್ತು.

"ನಮ್ಮ ಭಾಗ್ಯಜ್ಯೋತಿ ಈಗ ಒಲಿ ಮುಂದ ರೊಟ್ಟಿ ಬಡೀಲಿಕತ್ತಿರ್ತಾಳ."

ಲಾಲ್ ಅಹ್ಮದ್ ಆಗಲೇ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದ. ಹೀರಾಬಾಯಿ ಒದ್ದೆ ಅರಿವೆ ಸುತ್ತಿದ ಕೈಗಳನ್ನು ಮೇಲೆತ್ತಿಕೊಂಡೇ ಹಿಂದೆ ಕೂತಳು. ಹೊಳೆಯ ಕಡೆಗೆ ತಿರುಗಿ ಅವರು ಮರೆಯಾದರು.

ನಾನು ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಶ್ರೀವಾಣಿ ಕೂಸನ್ನು ಎದೆಗೊತ್ತಿ ಕೂತಿದ್ದಳು. ಹನ್ನೆರಡು ಹೊಡೆಯಿತು. ಛತ್ತೀಸಗಡದಲ್ಲಿ ಸುಜಯ ಫೋನ್ ಹಚ್ಚುತ್ತಿರಬೇಕು, ಹತ್ತದೆ ಮತ್ತೆ ಹಚ್ಚುತ್ತಿರಬೇಕು. ನನ್ನ ಕಿವಿಯೆಲ್ಲ ಹೊಳೆಯ ದಾರಿಯ ಕಡೆಗಿತ್ತು. ಆ ದಿಕ್ಕಿನಿಂದ ಒಂದು ನಾಯಿ ಬೊಗಳಿದರೂ ಎದ್ದು ನಿಲ್ಲುತ್ತಿದ್ದೆ.

ಹನ್ನೆರಡೂ ಮುಕ್ಕಾಲಿಗೆ ಸ್ಕೂಟರು ತಿರುವಿನಲ್ಲಿ ಕಾಣಿಸಿತು. ಲಾಲ್ ಅಹ್ಮದ್ ನಡೆಯುವಷ್ಟು ಮೆಲ್ಲಗೆ ಅದನ್ನು ತರುತ್ತಿದ್ದ. ಹಿಂದೆ ಕೂತಿದ್ದವಳು ಹೀರಾಬಾಯಿಯಲ್ಲ, ಭಾಗ್ಯಜ್ಯೋತಿ. ಮೊಳಕೈವರೆಗೂ ಜೋಳದ ಹಿಟ್ಟು, ಕೊರಳಲ್ಲಿ ಬರಿಯ ದಾರ. ಹೊಳೆಯ ಉಸುಕು ತುಂಬಿದ ಮಡಕೆಯೊಂದನ್ನು ಮೈಗೆ ತಾಗದಂತೆ, ಎರಡೂ ಕೈ ಉದ್ದಕ್ಕೆ ಚಾಚಿ ಹಿಡಿದಿದ್ದಳು. ಅತ್ತೆ ನಡೆದುಕೊಂಡು ಬರುತ್ತಿದ್ದಾರೆ, ಫೋನು ಈ ಮಡಕೆಯ ಉಸುಕಿನಲ್ಲಿದೆ, ಅಂಗಡಿಗೆ ಒಯ್ಯುವವರೆಗೆ ಹತ್ತಿರ ಯಾರೂ ಬರಬಾರದಂತೆ ಎಂದಳು. ಹಾಗೆನ್ನುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು.