ಜಂಕ್ಷನ್ ಅಂಗಡಿಯ ಮೂರು ಪೆಟ್ಟಿನ ಗಂಟೆ

ಎಲ್ಲರೂ ನನ್ನನ್ನು ಗಂಟೆ ಎಂದು ಕರೆಯುತ್ತಾರೆ. ನಾನೂ ಬೇಡವೆನ್ನುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ನಾನು ಒಂದು ರೈಲು ಹಳಿಯ ತುಂಡು. ಒಂದೂವರೆ ಮೊಳ ಉದ್ದ, ಒಂದು ತುದಿಯಲ್ಲಿ ತೂತು, ಮೈಯೆಲ್ಲ ಕಪ್ಪು. ಗುಡಿಯ ಗಂಟೆಯ ಹೊಳಪು ನನಗಿಲ್ಲ, ನಾಲಿಗೆಯೂ ಇಲ್ಲ. ಯಾರಾದರೂ ಕಬ್ಬಿಣದಿಂದ ಬಾರಿಸಿದರೆ ಮಾತಾಡುತ್ತೇನೆ, ಇಲ್ಲದಿದ್ದರೆ ಸುಮ್ಮನೆ ತೂಗುತ್ತೇನೆ.

ಹುಟ್ಟಿದ ಕುಲುಮೆಯ ನೆನಪು ಅಷ್ಟಾಗಿ ಇಲ್ಲ. ಬಹಳ ಬಿಸಿಯಿತ್ತು, ಆಮೇಲೆ ತಣ್ಣಗಾಯಿತು, ಅಷ್ಟೇ. ಬುದ್ಧಿ ಬಂದಾಗ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ದಾರಿಯಲ್ಲಿ ಕಪ್ಪು ಮಣ್ಣಿನ ನಡುವೆ ಉದ್ದಕ್ಕೆ ಮಲಗಿದ್ದೆ. ಹತ್ತಿಯ ಅಂಡಿಗೆ, ಸೇಂಗಾದ ಚೀಲ, ಮದುವೆಯ ದಿಬ್ಬಣ, ಎಲ್ಲವೂ ನನ್ನ ಬೆನ್ನ ಮೇಲೆಯೇ ಹೋದವು. ಸವೆದ ಮೇಲೆ ನನ್ನನ್ನು ಕಿತ್ತು, ತುಂಡು ಮಾಡಿ, ಅದೇ ದಾರಿಯ ಒಂದು ಸಣ್ಣ ನಿಲ್ದಾಣದಲ್ಲಿ ತೂಗು ಹಾಕಿದರು. ಅಲ್ಲಿ ನನಗೆ ಭಾಷೆ ಬಂತು. ಎರಡು ಪೆಟ್ಟು ಹೊಡೆದರೆ ಹಿಂದಿನ ನಿಲ್ದಾಣದಿಂದ ಗಾಡಿ ಬರುತ್ತಿದೆ ಎಂದು ಅರ್ಥ. ಮೂರು ಪೆಟ್ಟು ಹೊಡೆದರೆ ನಮ್ಮ ನಿಲ್ದಾಣದಿಂದ ಹೊರಡುತ್ತಿದೆ ಎಂದು ಅರ್ಥ.

ಹಳಿಯ ಅಂತರ ಅಗಲವಾಗಿ ದೊಡ್ಡ ಗೇಜು ಬಂದಾಗ ನಿಲ್ದಾಣಕ್ಕೆ ಕರೆಂಟಿನ ಗಂಟೆಯೂ ಬಂತು. ನನ್ನನ್ನು ಮುರಿದ ಕುರ್ಚಿಗಳ ಜೊತೆ ಹರಾಜಿಗೆ ಇಟ್ಟರು. ಅದೇ ವರ್ಷ ನಿವೃತ್ತಿಯಾದ ಗೂಡ್ಸ್ ಗಾಡಿಯ ಗಾರ್ಡು ನಿಜಗುಣಪ್ಪ ಬಂದು ನನ್ನನ್ನು ಕೊಂಡರು. ಇಪ್ಪತ್ತು ವರ್ಷ ನನ್ನ ಮೂರು ಪೆಟ್ಟು ಕೇಳಿಯೇ ಹಸಿರು ಬಾವುಟ ತೋರಿಸಿದ ಮನುಷ್ಯ ಅವರು. ಸೈಕಲ್ಲಿನ ಕ್ಯಾರಿಯರಿಗೆ ನನ್ನನ್ನು ಕಟ್ಟಿಕೊಂಡು ಹೊರಟಾಗ ಅವರ ಹೆಂಡತಿ ಹಣೆ ಹಣೆ ಬಡಿದುಕೊಂಡರಂತೆ.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಒಂದು ಓಣಿಯಲ್ಲಿ ಅವರು ಶಾಲೆಯ ಸಾಮಾನು ಮತ್ತು ಆಟಿಕೆಯ ಅಂಗಡಿ ತೆರೆದರು. ಹೆಸರು ‘ಜಂಕ್ಷನ್’. ರೈಲು ಅವರನ್ನು ಬಿಟ್ಟರೂ ಅವರು ರೈಲನ್ನು ಬಿಡಲಿಲ್ಲ. ಪಾಟಿ ಪೆನ್ಸಿಲ್ ಸಿಗುವುದು ಒಂದನೇ ಪ್ಲಾಟ್‌ಫಾರ್ಮಿನಲ್ಲಿ, ನೋಟ್‌ಬುಕ್ಕು ಎರಡರಲ್ಲಿ, ಗೊಂಬೆ ಗಾಡಿ ಮೂರರಲ್ಲಿ. ಅಪ್ಪಂದಿರು ಕೂತು ಆಕಳಿಸಲಿಕ್ಕೆ ಒಂದು ಬೆಂಚು, ಅದಕ್ಕೆ ವೇಟಿಂಗ್ ರೂಮ್ ಎಂದು ಬೋರ್ಡು. ಕೆಲಸದವರಿಗೆಲ್ಲ ಬಿಳಿ ಕೋಟು, ಕರಿ ಟೋಪಿ. ಬಿಲ್ಲೆಂದರೆ ದಪ್ಪ ರಟ್ಟಿನ ಸಣ್ಣ ಟಿಕೆಟ್ಟು. ಅದನ್ನು ಬಾಗಿಲಲ್ಲಿ ನಿಂತು ಕಟ್ ಎಂದು ತೂತು ಹಾಕಿ ಕೊಡುತ್ತಿದ್ದವಳು ಅನಸವ್ವ. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ನನ್ನ ಜಾಗ ಅವಳ ತಲೆಯ ಮೇಲೆ, ಬಾಗಿಲಿನ ತೊಲೆಯಲ್ಲಿ.

ಮೊದಲ ಜೂನ್ ತಿಂಗಳಲ್ಲಿ ಒಬ್ಬಳು ಹುಡುಗಿ ಬಂದಳು. ಬೆನ್ನಿಗೆ ಹೊಸ ಚೀಲ, ಬಾಯಿ ತುಂಬ ಅಳು. ಶಾಲೆಗೆ ಒಲ್ಲೆ ಎಂದು ಹೊಸ್ತಿಲಲ್ಲೇ ಕೂತುಬಿಟ್ಟಳು. ಬಯ್ದದ್ದಾಯಿತು, ಮುದ್ದು ಮಾಡಿದ್ದಾಯಿತು, ಪೆಪ್ಪರಮೆಂಟೂ ಆಯಿತು. ಕೊನೆಗೆ ನಿಜಗುಣಪ್ಪನವರು ಅವಳನ್ನು ಎತ್ತಿ ಹಿಡಿದು, ಕೈಗೆ ಸಲಾಕೆ ಕೊಟ್ಟು, ನನ್ನ ಮೇಲೆ ಮೂರು ಪೆಟ್ಟು ಹಾಕಿಸಿದರು. ಹಸಿರು ಬಾವುಟ ಬೀಸಿ, “ಗಾಡಿ ಬಿಟ್ಟೈತೆವ್ವಾ! ಇನ್ನ ಸಾಲಿ ಬರೂತನಕ ನಿಲ್ಲೂದಿಲ್ಲ!” ಎಂದು ಕೂಗಿದರು. ಅಂಗಡಿಯಲ್ಲಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಹುಡುಗಿ ಅಳು ನುಂಗಿಕೊಂಡು, ಕೂಕ್ ಎನ್ನುತ್ತ ಓಣಿಯುದ್ದಕ್ಕೂ ಓಡಿದಳು. ಅವಳ ಹಿಂದೆ ಅವಳ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಒಂದನೇ ಇಯತ್ತೆಗೆ, ಅಂದರೆ ಒಂದನೇ ತರಗತಿಗೆ, ಹೋಗುವ ಮಗು ಜಂಕ್ಷನ್ನಿಗೆ ಬಂದು ಮೂರು ಪೆಟ್ಟು ಹೊಡೆಯಬೇಕು. ಹೊಡೆದ ಮೇಲೆ ಯಾರೂ ಅಡ್ಡ ನಿಲ್ಲಬಾರದು, ಲೆಕ್ಕ ಮಾಡುತ್ತಿದ್ದವರೂ ಕೈ ನಿಲ್ಲಿಸಬೇಕು. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಎಂದು ಅಂಗಡಿ ಒಂಬತ್ತಾಯಿತು. ಎಲ್ಲ ಕಡೆಯೂ ಗಂಟೆ ತೂಗುಹಾಕಿದರು, ಆದರೆ ಅವು ಹೊಸ ಕಬ್ಬಿಣ. ಅಂಗಡಿಯ ಅಭಿಮಾನಿಗಳು ಮಾತ್ರ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ನನ್ನ ಹತ್ತಿರವೇ ಬರುತ್ತಿದ್ದರು. ಆಗ ನನಗೆ ಸ್ವಲ್ಪ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

ನಿಜಗುಣಪ್ಪನವರು ತೀರಿಕೊಂಡ ಮೇಲೆ ಅವರ ಮಕ್ಕಳು ಒಂಬತ್ತು ಅಂಗಡಿಗಳನ್ನೂ ದೂರದ ಊರಿನ ಒಂದು ಕಂಪನಿಗೆ ಮಾರಿದರು. ಕಂಪನಿಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಅವರಿಗೆ ರೈಲೂ ಗೊತ್ತಿರಲಿಲ್ಲ, ಹುಬ್ಬಳ್ಳಿಯೂ ಗೊತ್ತಿರಲಿಲ್ಲ. ಗೋಡೆಗೆ ಬೂದಿ ಬಣ್ಣ ಬಳಿದರು. ಕೋಟು ಟೋಪಿ ಹೋದವು, ಬೆಂಚು ಹೋಯಿತು, ರಟ್ಟಿನ ಟಿಕೆಟ್ಟು ಹೋಗಿ ಎರಡೇ ದಿನಕ್ಕೆ ಅಕ್ಷರ ಮಾಸುವ ಕಾಗದ ಬಂತು. ಹೊಸ ಮ್ಯಾನೇಜರು ಗಂಟೆಯ ಗದ್ದಲ ಬೇಡ ಎಂದು ಸಲಾಕೆಯನ್ನು ಎಲ್ಲಿಗೋ ಕಳಿಸಿದ. ನನ್ನ ಮೈಗೆ ಒಂದು ಪ್ಲಾಸ್ಟಿಕ್ ಹಲಗೆ ಕಟ್ಟಿದರು. ಅದರ ಮೇಲೆ ‘ಒಂದು ಕೊಂಡರೆ ಒಂದು ಉಚಿತ’ ಎಂದು ಬರೆದಿತ್ತು. ಹೀಗೆ ಮೂರು ವರ್ಷ ಬಾಯಿ ಕಟ್ಟಿಸಿಕೊಂಡು ತೂಗಿದೆ. ಜೂನ್ ಬಂದಾಗ ಮಕ್ಕಳು ಬರುತ್ತಿದ್ದರು, ಮೇಲೆ ನೋಡುತ್ತಿದ್ದರು. “ಗಂಟಿ ಬಂದ್ ಆಗೈತ್ರೀ” ಎನ್ನುವ ಕೆಲಸ ಅನಸವ್ವನ ಪಾಲಿಗೆ ಬಂತು. ಆ ಮಾತನ್ನು ಅವಳು ಒಮ್ಮೆಯೂ ಮಕ್ಕಳ ಮುಖ ನೋಡಿ ಹೇಳಲಿಲ್ಲ. ಬೆಳಿಗ್ಗೆ ಧೂಳು ಒರೆಸುವಾಗ ಮಾತ್ರ ಬೆರಳಿನ ಗೆಣ್ಣಿನಿಂದ ನನ್ನನ್ನು ಒಮ್ಮೆ ಮೆಲ್ಲಗೆ ತಟ್ಟುತ್ತಿದ್ದಳು. ನನಗೆ ಅಷ್ಟೇ ಆಸರೆ.

ನಾಲ್ಕನೆಯ ವರ್ಷ ಬೇಸಿಗೆಯಲ್ಲಿ ಸುದ್ದಿ ಹುಟ್ಟಿತು. ಕಂಪನಿಯವರಿಗೆ ವ್ಯಾಪಾರ ಸಾಕಾಗಿದೆ, ಜಂಕ್ಷನ್ ಮತ್ತೆ ಕೈ ಬದಲಾಗುತ್ತದೆ. ಅಭಿಮಾನಿಗಳ ಎದೆಯಲ್ಲಿ ದೀಪ ಹತ್ತಿತು. ಅವರದು ‘ಜಂಕ್ಷನ್ ಪ್ರಯಾಣಿಕರು’ ಎಂಬ ವಾಟ್ಸಾಪ್ ಗುಂಪು. ಅದರ ಮುಖಂಡ ದಾದಾಪೀರಣ್ಣ ನಿವೃತ್ತ ಬಸ್ ಕಂಡಕ್ಟರ್. ರೈಲಿನ ಅಂಗಡಿಗೆ ಬಸ್ಸಿನವನ ಮುಂದಾಳತ್ವವೇ ಎಂದು ಜನ ನಗುತ್ತಿದ್ದರು. ಆ ಮನುಷ್ಯ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಭಾನುವಾರ ಸಂಜೆ ಗುಂಪಿನವರು ಅಂಗಡಿಯ ಎದುರಿಗೆ ಗಿರ್ಮಿಟ್ ತಿನ್ನುತ್ತ ಸೇರುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವರದು. ಒಬ್ಬ ಒಂದು ಶ್ರೀಮಂತರ ಹೆಸರು ಹೇಳಿದರೆ ಇನ್ನೊಬ್ಬ ಅವರ ಹೊಸ ಬೋರ್ಡಿನ ಬಣ್ಣವನ್ನೂ ಹೇಳುತ್ತಿದ್ದ.

ನಿಜವಾಗಿ ಕೊಳ್ಳಲು ಬಂದವರು ಇಬ್ಬರೇ. ಒಬ್ಬರಿಗೆ ಬರಿ ಜಾಗ ಬೇಕಿತ್ತು, ಅಂಗಡಿ ಕೆಡವಿ ವಾಹನ ನಿಲ್ಲಿಸುವ ಕಟ್ಟಡ ಕಟ್ಟುವವರು. ಇನ್ನೊಬ್ಬರು ಗದಗದಲ್ಲಿ ನೋಟ್‌ಬುಕ್ ಕಾರ್ಖಾನೆ ನಡೆಸುವ ಶಾಂಭವಿ ಹೊಂಬಳ ಎಂಬ ಹೆಂಗಸು. ಮೊದಲಿನವರಿಗೆ ಹೋದರೆ ನಾನು ಗುಜರಿಗೆ, ಅನಸವ್ವ ಮನೆಗೆ. ಎರಡನೆಯವರು ಕೊಂಡರೂ ನನ್ನನ್ನು ಉಳಿಸುತ್ತಾರೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಗುಜರಿ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಆ ಹಳೆಯ ಕುಲುಮೆಯ ಬಿಸಿ ನೆನಪಾಗಿ ಹೆದರಿಕೆಯಾಯಿತು.

“ಗುರುವಾರ ಹನ್ನೊಂದಕ್ಕ ಹೊಸ ಮಾಲಕರು ನೋಡಾಕ ಬರ್ತಾರ, ಪಕ್ಕಾ ಸುದ್ದಿ” ಎಂದು ದಾದಾಪೀರಣ್ಣ ಗುಂಪಿನಲ್ಲಿ ಸಾರಿಬಿಟ್ಟರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತಾರಲ್ಲ, ಹಾಗಾಯಿತು. ಟ್ರಂಕಿನಿಂದ ಹಳೆಯ ಟೋಪಿಗಳು ಹೊರಬಂದವು. ಗುಲಾಬಿ ಹಾರ, ಶಾಲು, ಹಸಿರು ಬಾವುಟ, ಫೇಡೆಯ ಪೆಟ್ಟಿಗೆ, ಎಲ್ಲ ಸಿದ್ಧವಾಯಿತು.

ಸರಿಯಾಗಿ ಹನ್ನೊಂದಕ್ಕೆ ಒಂದು ಬಿಳಿ ಕಾರು ಬಂದು ನಿಂತಿತು. ಗರಿಗರಿ ಬಿಳಿ ಅಂಗಿ, ನಾಲ್ಕು ಬೆರಳಿಗೆ ಉಂಗುರ ಹಾಕಿದ ದಪ್ಪ ಮನುಷ್ಯ ಇಳಿದ. ಒಳಗೆ ಕೂಡ ಹೋಗದೆ ನೇರ ನನ್ನ ಕೆಳಗೆ ಬಂದು, ಕತ್ತೆತ್ತಿ ಪ್ರೀತಿಯಿಂದ ನೋಡಿದ. ಗೇಣು ಹಾಕಿ ಅಳೆದ. ಎರಡು ಸಲ ತಟ್ಟಿದ. “ಭಾರಿ ಮಾಲ್ ಐತಿ. ಈಗಿನ ಕಾಲದಾಗ ಇಂಥಾ ಕಬ್ಬಿಣ ಎಲ್ಲಿ ಬರಬೇಕ್ರೀ!” ಎಂದ.

ಇಷ್ಟು ಸಾಲದೇ ಅಭಿಮಾನಿಗಳಿಗೆ? “ನೋಡ್ರಿ, ಬೆಲೆ ಗೊತ್ತಿದ್ದಾವ್ರು ಅಂದ್ರ ಇವರು!” ಎಂದು ದಾದಾಪೀರಣ್ಣ ಹಾರ ಹಾಕಿಯೇ ಬಿಟ್ಟರು. ಬಾವುಟ ಬೀಸಿದವು, ಫೇಡೆ ಬಾಯಿಗೆ ಬಿತ್ತು. ಆ ಮನುಷ್ಯ ಏನೋ ಹೇಳಲು ಬಾಯಿ ತೆರೆದ, ಬಾಯಿ ತುಂಬ ಫೇಡೆಯಿತ್ತು. ಅಷ್ಟರಲ್ಲಿ ಅನಸವ್ವ ಬಾಗಿಲಿನಿಂದ ಮುಂದೆ ಬಂದು, ಶಾಲನ್ನು ಬಿಚ್ಚಿ ಅವನ ಎರಡೂ ಹೆಗಲಿಗೆ ನೀಟಾಗಿ ಹೊದಿಸಿ, ಕೈ ಮುಗಿದಳು. ದಾದಾಪೀರಣ್ಣ ಭಾಷಣ ಶುರುಮಾಡಿದರು. ನಿಜಗುಣಪ್ಪನವರಿಂದ ಹಿಡಿದು ಮೂರು ವರ್ಷದ ಮೌನದವರೆಗೆ ಎಲ್ಲ ಹೇಳಿದರು. ನಡುವೆ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನ ಈ ಗಂಟಿ ನಿಮ್ಮ ಕೈಯಾಗೈತ್ರೀ, ಸಾಹೇಬ್ರ” ಎಂದು ಮುಗಿಸಿದರು.

ಆ ಮನುಷ್ಯ ಬೆವರಿದ. ಆಗ ಓಣಿಯ ತಿರುವಿನಲ್ಲಿ ಒಂದು ಟೆಂಪೋ ಬಂದು ನಿಂತಿತು. ಅದರ ಮೇಲೆ ‘ಮುದಕಪ್ಪ ಗುಜರಿ ವ್ಯಾಪಾರ’ ಎಂದು ದೊಡ್ಡದಾಗಿ ಬರೆದಿತ್ತು.

“ನಾ ಮಾಲಕ ಅಲ್ರೀ ಯಣ್ಣಾ. ನಾ ಮುದಕಪ್ಪ” ಎಂದ ಅವನು, ಫೇಡೆ ನುಂಗಿ. “ಅಂಗಡಿ ಮಾರೂಕಿಂತ ಮೊದಲ ಹಳೀ ಸಾಮಾನೆಲ್ಲಾ ಒಯ್ಯಿ ಅಂತ ನಿಮ್ಮ ಮ್ಯಾನೇಜರು ಫೋನ್ ಮಾಡಿದ್ರು. ಅಳಿಯನ ನಿಶ್ಚಯ ಐತಿ ಇವತ್ತ, ಅದಕ್ಕ ಈ ಅಂಗಿ, ಈ ಕಾರು.”

ಬಾವುಟಗಳು ಕೆಳಗಿಳಿದವು. ದಾದಾಪೀರಣ್ಣ ನಾಲಿಗೆ ಕಚ್ಚಿಕೊಂಡು ನೆಲ ನೋಡಿದರು. ಮ್ಯಾನೇಜರು ಒಳಗಿನಿಂದ, “ಲಗೂನ ಬಿಚ್ಚಿಕೊಂಡು ಹೋಗ್ರಿ, ಮಂದಿ ಕೂಡಾಕತ್ತೈತಿ” ಎಂದು ಕೂಗಿದ. ಟೆಂಪೋದಿಂದ ಇಬ್ಬರು ಏಣಿ ಇಳಿಸಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಮುದಕಪ್ಪ ಶಾಲಿನ ತುದಿ ಹಿಡಿದು ನೋಡಿಕೊಂಡ. ಆಮೇಲೆ ಏಣಿಯವರಿಗೆ ಕೈ ಅಡ್ಡ ಮಾಡಿದ.

“ನಡೀರಿ ವಾಪಸ್. ಹಾರ ಹಾಕಿಸ್ಕೊಂಡೇನಿ, ಶಾಲು ಹೊದ್ದೇನಿ, ಬಾಯಾಗ ಇನ್ನೂ ಫೇಡೇದ ಸಿಹಿ ಐತಿ. ಇನ್ನ ಇದನ್ನ ಬಿಚ್ಚಿ ಒಯ್ದರ ಉಂಡ ಮನಿ ಜಂತಿ ಎಣಿಸಿದಂಗ ಆಗ್ತೈತಿ. ನನ್ನಿಂದ ಆಗೂದಿಲ್ಲ. ಬ್ಯಾರೇದಾವರನ್ನ ಕರಸ್ಕೋರಿ” ಎಂದು ಮ್ಯಾನೇಜರಿಗೆ ಹೇಳಿ, ಶಾಲು ಹೊದ್ದುಕೊಂಡೇ ನಿಶ್ಚಯಕ್ಕೆ ಹೋದ. ಆ ಸುದ್ದಿ ಹಬ್ಬಿದ ಮೇಲೆ ಊರಿನ ಬೇರೆ ಗುಜರಿಯವರೂ ಬರಲು ಒಪ್ಪಲಿಲ್ಲ.

ಮರುದಿನ ಧೂಳು ಒರೆಸುವಾಗ ಅನಸವ್ವ ನನ್ನ ಹತ್ತಿರ ಒಬ್ಬಳೇ ನಕ್ಕಳು. “ಹತ್ತು ವರ್ಷದಿಂದ ಅವಂಗ ಮನೀ ರದ್ದಿ ಹಾಕ್ತೇನಿ, ಮಾರಿ ಗುರ್ತ ಸಿಗೂದಿಲ್ಲೇನು? ಒಮ್ಮಿ ಶಾಲು ಹೊದಿಸಿದ್ರ ಮುದಕಪ್ಪನ ಕೈ ಏಳೂದಿಲ್ಲ ಅಂತ ಗೊತ್ತಿತ್ತು.” ಎಂಥ ಗಟ್ಟಿ ಹೆಂಗಸು ನೋಡಿ! ಅಭಿಮಾನಿಗಳು ಎಡವಿದಲ್ಲಿ ಅವಳು ಮೆಟ್ಟಿಲು ಮಾಡಿಕೊಂಡಿದ್ದಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ನನಗೂ ನಗಬೇಕೆನ್ನಿಸಿತು.

ಮುಂದಿನ ಸೋಮವಾರ ಶಾಂಭವಿ ಹೊಂಬಳ ಬಂದರು. ಹಾರವಿರಲಿಲ್ಲ, ಬಾವುಟವಿರಲಿಲ್ಲ. ಒಮ್ಮೆ ಸುಟ್ಟುಕೊಂಡ ಅಭಿಮಾನಿಗಳು ದೂರದ ಗೋಡೆಗೆ ಒರಗಿ ನಿಂತಿದ್ದರು. ಆ ಹೆಂಗಸು ಅಂಗಡಿಯನ್ನೆಲ್ಲ ಸುತ್ತಿ ಬಂದು ನನ್ನ ಮೈಮೇಲಿನ ಹಲಗೆ ಓದಿ, “ಇದನ್ನ ಯಾರು ಕಟ್ಟಿದ್ರು? ತಗೀರಿ” ಎಂದರು. ಕಾಗದಪತ್ರಕ್ಕೆ ಸಹಿ ಬಿದ್ದದ್ದು ಬುಧವಾರ. ಆದರೆ ನನಗೆ ಹೋದ ಜೀವ ಬಂದದ್ದು ಆ ಸೋಮವಾರವೇ.

ಆಮೇಲೆ ಅವರು ದಾದಾಪೀರಣ್ಣನನ್ನು ಕರೆದು ಮಾತಾಡಿದರು. “ನೋಡ್ರಿ, ನಾ ಪ್ರೀತಿಗೆ ತಗೊಂಡಿಲ್ಲ, ನೋಟ್‌ಬುಕ್ ಮಾರಾಕ ತಗೊಂಡೇನಿ. ಒಂಬತ್ತೂ ಅಂಗಡಿ ನಡಸೂ ತಾಕತ್ತ ನನಗಿಲ್ಲ. ಐದು ಉಳೀತಾವ, ನಾಲ್ಕು ಮುಚ್ಚತೇನಿ. ಆದರ ಉಳಿದದ್ದೆಲ್ಲಾ ಮೊದಲಿನಂಗ, ಕೋಟು ಟೋಪಿ ಸಹಿತ.” ಮುಚ್ಚಿದ ನಾಲ್ಕರಲ್ಲಿ ವಿಜಯಪುರದ್ದೂ ಒಂದು. ಅಲ್ಲಿಯ ಪ್ರಯಾಣಿಕರು ಬಹಳ ಅತ್ತರಂತೆ. ಅದನ್ನು ನೆನೆದರೆ ನನಗೂ ಕಸಿವಿಸಿಯಾಗುತ್ತದೆ.

ಅಷ್ಟು ಬಿಟ್ಟರೆ ಈಗ ಸುಖವಾಗಿದ್ದೇನೆ. ಹಳೆಯ ತೊಲೆಗೆ ಗೆದ್ದಲು ಹಿಡಿದಿದ್ದರಿಂದ ನನ್ನನ್ನು ಒಳಗೆ, ವೇಟಿಂಗ್ ರೂಮಿನ ಮೂಲೆಗೆ ತಂದು ತೂಗಿದ್ದಾರೆ. ಹಳೆಯ ಸಲಾಕೆ ಸಿಗಲೇ ಇಲ್ಲ. ದಾದಾಪೀರಣ್ಣ ತಮ್ಮ ಡಿಪೋದ ಗೆಳೆಯರಿಂದ ಒಂದು ಬಸ್ಸಿನ ಜಾಕ್ ರಾಡು ತಂದುಕೊಟ್ಟರು. ರೈಲಿನ ಹಳಿಯಾಗಿ ಹುಟ್ಟಿ ಮುಪ್ಪಿನಲ್ಲಿ ಬಸ್ಸಿನ ಕಬ್ಬಿಣದಿಂದ ಪೆಟ್ಟು ತಿನ್ನುವುದು ನನ್ನ ಹಣೆಬರಹ. ಆದರೂ ನಾದಕ್ಕೆ ಕೊರತೆಯಿಲ್ಲ. ಇಷ್ಟು ವರ್ಷ ನಾನೇ ಮಕ್ಕಳಿಗೆ ಧೈರ್ಯ ಕೊಡುತ್ತೇನೆ ಎಂದುಕೊಂಡಿದ್ದೆ. ಬಾಯಿ ಕಟ್ಟಿಸಿಕೊಂಡ ಮೇಲೆ ಗೊತ್ತಾಯಿತು, ಹೊಡೆಯುವ ಕೈ ಇಲ್ಲದಿದ್ದರೆ ನಾನು ಬರಿ ಭಾರ.

ಈ ಜೂನ್ ಒಂದರಂದು ಬಾಗಿಲು ತೆರೆದಾಗ ಸಾಲು ಓಣಿಯ ಆಚೆಗೂ ಹೋಗಿತ್ತು. ಮುಂದೆ ಒಂದನೇ ಇಯತ್ತೆಯ ಚಿಳ್ಳೆ ಪಿಳ್ಳೆಗಳು. ಆದರೆ ಅವರ ಹಿಂದೆ ಉದ್ದ ಉದ್ದ ಮಕ್ಕಳು ನಿಂತಿದ್ದರು. ಯಾರೆಂದು ನನಗೆ ಮೊದಲು ತಿಳಿಯಲಿಲ್ಲ. ನಾನು ಮೂಕನಾಗಿದ್ದ ಮೂರು ವರ್ಷಗಳಲ್ಲಿ ಶಾಲೆಗೆ ಸೇರಿದವರು ಅವರು. ಯಾರೂ ಕರೆದಿರಲಿಲ್ಲ, ಅವರಾಗಿಯೇ ಬಂದಿದ್ದರು.

ಎಲ್ಲರಿಗಿಂತ ಕೊನೆಗೆ ದಾದಾಪೀರಣ್ಣನ ಮೊಮ್ಮಗಳು ನಸ್ರೀನ್. ತಮ್ಮ ಮೊಮ್ಮಗಳೂ ಒಂದು ದಿನ ಈ ಬಾಗಿಲಿನಿಂದ ಸುಮ್ಮನೆ ಹಿಂದಿರುಗಿದ್ದಳೆಂದು ಆ ಮನುಷ್ಯ ಗುಂಪಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹುಡುಗಿ ನಾಚಿಕೊಂಡು ಹಿಂದೆ ಹಿಂದೆ ಸರಿದಳು. “ನಾ ನಾಲ್ಕನೇ ಇಯತ್ತಿಗೆ ಬಂದೇನ್ರೀ. ಇದು ಸಣ್ಣಾವರದು. ನಂದು ಹೋಗೇ ಬಿಟ್ಟೈತಿ.”

ಅನಸವ್ವ ಟೋಪಿ ಸರಿಮಾಡಿಕೊಂಡು ಬಗ್ಗಿ ರಾಡನ್ನು ಅವಳ ಕೈಗೆ ಕೊಟ್ಟಳು. ಈ ಸಲ ಮುಖ ನೋಡಿಯೇ ಹೇಳಿದಳು. “ಗಾಡಿ ಲೇಟ್ ಆಗೈತೆವ್ವಾ, ಕ್ಯಾನ್ಸಲ್ ಆಗಿಲ್ಲ. ಹೊಡೀ.”

ಅವಳು ಹೊಡೆದಳು. ಒಂದು. ಎರಡು. ಮೂರನೆಯ ಪೆಟ್ಟಿಗೆ ಬೆಂಚಿನ ಮೇಲೆ ಕೂತಿದ್ದ ದಾದಾಪೀರಣ್ಣ ಎದ್ದು ನಿಂತು ದಾರಿ ಬಿಟ್ಟರು.