ಟೇಪಿಗೆ ಸಿಗದ ಅಳತೆ

ಮೂರು ತಿಂಗಳು ಬೆಳಗಾದರೆ ವಾಂತಿ ಮಾಡಿಕೊಂಡು ಹೈರಾಣಾಗಿದ್ದ ಟೈಲರಮ್ಮನಿಗೆ ಒಂದು ಸೋಮವಾರ ವಾಂತಿ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ಚೆನ್ನಾಗಿ ಹಸಿವಾಗಿ ಎರಡು ಸಲ ಬಡಿಸಿಕೊಂಡು ಉಂಡಳು. ಬೇರೆ ಯಾರಾದರೂ ಆಗಿದ್ದರೆ ಸದ್ಯ ಬದುಕಿದೆ ಎನ್ನುತ್ತಿದ್ದರು. ಇವಳಿಗೆ ಮಾತ್ರ ಕೈಕಾಲು ತಣ್ಣಗಾದವು.

ಕಾರಣವಿತ್ತು. ಎರಡು ವರ್ಷದ ಹಿಂದೆ, ಮೊದಲ ಬಸಿರಿನಲ್ಲಿ, ವಾಂತಿ ಹೀಗೆಯೇ ಇದ್ದಕ್ಕಿದ್ದಂತೆ ನಿಂತಿತ್ತು. ಅದಾದ ಮೂರನೆಯ ದಿನ, ಮಗು ಉಳಿದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಹೆದರಿಕೆ ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಸ್ಥಿತಿ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಮೂಲೆಯ ಚಾಪೆಯ ಮೇಲೆ ಹುಕ್ಕು, ಗುಂಡಿ ಹಾಕುತ್ತ ಕೂರುವ ಅತ್ತೆ. ಬೀದಿಯ ಹೆಂಗಸರ ಅಳತೆಯೆಲ್ಲ ಸೊಸೆಯ ಪುಸ್ತಕದಲ್ಲಿದೆ, ಸುದ್ದಿಯೆಲ್ಲ ಅತ್ತೆಯ ಬಾಯಲ್ಲಿದೆ ಎಂದು ಜನ ನಗುವುದುಂಟು.

ಹೆದರಿದ ಟೈಲರು ಏನು ಮಾಡುತ್ತಾಳೆ? ಟೇಪು ಹಿಡಿಯುತ್ತಾಳೆ. ದಿನಾ ಸ್ನಾನಕ್ಕೆ ಹೋದಾಗ ಚಿಲಕ ಹಾಕಿ, ಹೊಟ್ಟೆಯ ಸುತ್ತ ಟೇಪು ಸುತ್ತಿ, ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಮೂವತ್ತೊಂದು ಇಂಚು. ಮರುದಿನವೂ ಮೂವತ್ತೊಂದು. ಒಂಬತ್ತು ದಿನ ಅದು ಜಗ್ಗಲಿಲ್ಲ. ನಾಲ್ಕನೇ ತಿಂಗಳ ತಪಾಸಣೆಯ ದಿನ ಬಂತು, ಹೋಯಿತು. ಅವಳು ಹೋಗಲಿಲ್ಲ. ಹೋದರೆ ಮಗು ಇಲ್ಲ ಅನ್ನಬಹುದು. ಹೋಗದಿದ್ದರೆ ಇನ್ನೂ ನಾಲ್ಕು ದಿನ ಮಗು ಇದೆ ಅಂದುಕೊಂಡಿರಬಹುದು. ಈ ಲೆಕ್ಕವನ್ನು ಗಂಡನಿಗೂ ಹೇಳಲಿಲ್ಲ.

ಅತ್ತೆಗೆ ಈ ಹೆದರಿಕೆ, ಈ ಟೇಪಿನ ವಿಷಯ ಒಂದೂ ಗೊತ್ತಿಲ್ಲ. "ವಾಂತಿ ನಿಂತಿತಲ್ಲ, ಇನ್ನೇನು ಆಸ್ಪತ್ರೆ? ನಾನು ಮೂರು ಹೆತ್ತೆ, ನನ್ನನ್ನು ಯಾರು ಬಂದು ನೋಡಿದ್ರು?" ಎಂದು ಆರಾಮವಾಗಿದ್ದರು.

ಗುರುವಾರ ಮಧ್ಯಾಹ್ನ ಪಕ್ಕದ ಬೀದಿಯ ಆಸ್ಪತ್ರೆಯ ನರ್ಸಮ್ಮ ಬಂದರು. ಕೈಯಲ್ಲಿ ಅವರ ಬಿಳಿ ಕೋಟು.

"ನೋಡು ಟೈಲರಮ್ಮ, ಜೇಬು ಮತ್ತೆ ಹರಿದುಹೋಯ್ತು. ಇದರಲ್ಲಿ ನಾನು ಇಡೋ ಸಾಮಾನು ಒಂದೆರಡಲ್ಲ. ಸ್ವಲ್ಪ ಆಳವಾಗಿ ಹೊಲಿದುಕೊಡು. ಅದಿರಲಿ, ಹೋದ ವಾರ ನಿನ್ನ ದಾರಿ ಕಾದಿದ್ದೇ ಬಂತು. ಯಾಕೆ ಬರಲಿಲ್ಲ?"

"ಕೆಲಸ ಇತ್ತು ಅಕ್ಕ," ಎಂದು ಟೈಲರಮ್ಮ ತಲೆ ತಗ್ಗಿಸಿ ಜೇಬಿನ ಅಳತೆ ಬರೆಯಲು ಪುಸ್ತಕ ತೆರೆದಳು. ಪುಸ್ತಕ ಕೈಯಿಂದ ಜಾರಿತು. ಎತ್ತಿಕೊಟ್ಟ ನರ್ಸಮ್ಮನ ಕಣ್ಣಿಗೆ ಬಿದ್ದದ್ದು ಕೊನೆಯ ಹಾಳೆ.

"ಇದ್ಯಾರಮ್ಮ ಗಿರಾಕಿ? ಒಂಬತ್ತು ದಿನವೂ ಅಳತೆ ಕೊಟ್ಟಿದ್ದಾಳೆ, ಒಂದು ರವಿಕೆಯೂ ಹೊಲಿಸಿಲ್ಲ."

ಟೈಲರಮ್ಮನಿಗೆ ಅಳು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆಯ ಕೈಯ ಸೂಜಿ ಅಲ್ಲೇ ನಿಂತಿತು.

ನರ್ಸಮ್ಮ ಸ್ಟೂಲು ಎಳೆದುಕೊಂಡು ಹತ್ತಿರ ಕೂತರು. "ಇಷ್ಟು ದಿನ ಒಬ್ಬಳೇ ಹೊತ್ಕೊಂಡಿದ್ದೀಯಲ್ಲೇ ತಾಯಿ. ಕೇಳು. ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬಿದ್ದಾಗ ಬಹಳ ಜನಕ್ಕೆ ವಾಂತಿ ಕಮ್ಮಿ ಆಗುತ್ತೆ, ಹಸಿವು ಬರುತ್ತೆ, ಮೈಗೆ ಸ್ವಲ್ಪ ಕಸುವು ಬರುತ್ತೆ. ಅದು ಸಹಜ. ಇನ್ನು ಈ ಟೇಪಿನ ಮಾತು. ಮೂರು ತಿಂಗಳು ಏನೂ ತಿನ್ನದೆ ನೀನು ಸೊರಗಿದ್ದೀಯ. ಮಗು ಈಗಿನ್ನೂ ಅಂಗೈಯಲ್ಲಿ ಹಿಡಿಸುವಷ್ಟು. ಅದು ನಿನ್ನ ಟೇಪಿಗೆ ಹೇಗೆ ಸಿಗುತ್ತೆ?"

"ಮಗು ಅಲುಗಾಡಿದ್ದೂ ಗೊತ್ತಾಗ್ತಿಲ್ಲ ಅಕ್ಕ."

"ಇಷ್ಟು ಬೇಗ ಗೊತ್ತಾಗಲ್ಲ. ಸಾಮಾನ್ಯವಾಗಿ ಐದನೇ ತಿಂಗಳ ಹೊತ್ತಿಗೆ ಗೊತ್ತಾಗುತ್ತೆ, ಕೆಲವರಿಗೆ ಇನ್ನೂ ಸ್ವಲ್ಪ ತಡ. ಆದರೆ ಒಂದು ಮಾತು. ಎಲ್ಲ ಸರಿ ಇದೆ ಅಂತ ಇಲ್ಲಿ ಕೂತು ನಾನೂ ಹೇಳಲಾರೆ. ನೋಡಿ ಹೇಳ್ತೀನಿ. ಬೆಳಿಗ್ಗೆ ಬಾ."

"ನಾನೂ ಬರ್ತೀನಿ," ಎಂದರು ಅತ್ತೆ. ಆಸ್ಪತ್ರೆ ಯಾಕೆ ಎನ್ನುತ್ತಿದ್ದವರು ಬೆಳಿಗ್ಗೆ ಸೊಸೆಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದರು.

ಆಸ್ಪತ್ರೆಯಲ್ಲಿ ತೂಕ, ರಕ್ತದೊತ್ತಡ ನೋಡಿದರು, ರಕ್ತ, ಮೂತ್ರ ಪರೀಕ್ಷೆಗೆ ತೆಗೆದುಕೊಂಡರು. ಆಮೇಲೆ ಮಂಚದ ಮೇಲೆ ಮಲಗಿಸಿ, ಕಿಬ್ಬೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ನರ್ಸಮ್ಮ ಮಗುವಿನ ಎದೆ ಬಡಿತ ಕೇಳಿಸುವ ಒಂದು ಪುಟ್ಟ ಯಂತ್ರ ಇಟ್ಟರು. ಗೊರಗೊರ ಸದ್ದು, ಅಷ್ಟೇ. ಟೈಲರಮ್ಮ ಅತ್ತೆಯ ಕೈ ಹಿಡಿದು ಕಣ್ಣು ಮುಚ್ಚಿದಳು. ನರ್ಸಮ್ಮ ಯಂತ್ರವನ್ನು ಒಂದೆರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿದರು.

ಟಕ್ ಟಕ್ ಟಕ್ ಟಕ್. ತುರ್ತು ಹೊಲಿಗೆಯ ದಿನ ಅವಳ ಮಿಷನ್ನು ಓಡುವಂತೆ ಓಡುತ್ತಿತ್ತು.

"ಇದೇ ನಿನ್ನ ಮಗುವಿನ ಎದೆ ಬಡಿತ. ಚೆನ್ನಾಗಿದೆ," ಎಂದರು ನರ್ಸಮ್ಮ.

ಟೈಲರಮ್ಮನ ಕಣ್ಣೀರು ಕಿವಿಗೆ ಇಳಿಯಿತು. ಅತ್ತೆ ಸೆರಗಿನಿಂದ ಅದನ್ನು ಒರೆಸಿದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಮೂರು ಹೆತ್ತೆ ಅಂತ ಜಂಬ ಕೊಚ್ಚಿಕೊಳ್ತಿದ್ದೆ. ಒಂದರದ್ದೂ ಹೀಗೆ ಕೇಳೋ ಭಾಗ್ಯ ನನಗಿರಲಿಲ್ಲ. ನೀವು ಕೇಳಿಸಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದರು.

ಕಬ್ಬಿಣದ ಮಾತ್ರೆ ಕೊಟ್ಟಾಗ ಮಾತ್ರ ಅತ್ತೆಯ ಹಳೇ ಸ್ವಭಾವ ಸ್ವಲ್ಪ ಇಣುಕಿತು. "ಇದನ್ನ ನುಂಗಿದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತಾರಲ್ಲ?"

"ಮಗು ದಪ್ಪ ಆಗಲ್ಲ ಅಮ್ಮ, ತಾಯಿಯ ಮೈಯಲ್ಲಿ ರಕ್ತ ಹೆಚ್ಚುತ್ತೆ. ಮಲ ಕಪ್ಪಗೆ ಹೋಗಬಹುದು, ಹೆದರಬೇಡಿ. ಟೀ, ಕಾಫಿ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಲ್ಲಿ ಕೊಡಿ. ಸೊಪ್ಪು, ಕಾಳು, ಹಣ್ಣು ತಿನ್ನಲಿ. ಐದನೇ ತಿಂಗಳಲ್ಲಿ ಸ್ಕ್ಯಾನಿಂಗ್ ಇದೆ, ಮಗುವಿನ ಅಂಗಾಂಗ ಸರಿಯಾಗಿ ಬೆಳೀತಿದ್ಯಾ ಅಂತ ನೋಡ್ತಾರೆ. ತಪ್ಪಿಸಬೇಡಿ. ಮತ್ತೆ, ಅರ್ಧ ಗಂಟೆಗೊಮ್ಮೆ ಇವಳನ್ನ ಮಿಷನ್ನಿಂದ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸೋದು ನಿಮ್ಮ ಕೆಲಸ."

"ಅದನ್ನ ನನಗೆ ಬಿಡಿ. ಗದರಿಸಿ ಎಬ್ಬಿಸ್ತೀನಿ."

"ರಕ್ತ ಕಂಡರೆ, ನೀರು ಹೋದರೆ, ತುಂಬ ಹೊಟ್ಟೆನೋವು ಬಂದರೆ, ಜ್ವರ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, ನಾಳೆ ಅನ್ನಬೇಡಿ. ಆಗಲೇ ಬನ್ನಿ."

ಮನೆಗೆ ಬಂದವಳೇ ಟೈಲರಮ್ಮ ಪುಸ್ತಕದ ಕೊನೆಯ ಹಾಳೆಗೆ ಅಡ್ಡಗೆರೆ ಎಳೆದು, ಮುಂದಿನ ತಪಾಸಣೆಯ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆದಳು. ಆಮೇಲೆ ಬಿಳಿ ಕೋಟು ಕೈಗೆತ್ತಿಕೊಂಡಳು. ಜೇಬಿಗೆ ಒಳಗಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು, ಎರಡು ಸಾಲು ಹೊಲಿಗೆ ಹಾಕಿದಳು. ಈ ಜೇಬಿನಲ್ಲಿ ಕೂತು ಆ ಪುಟ್ಟ ಯಂತ್ರ ಇನ್ನೆಷ್ಟು ತಾಯಂದಿರ ಬಳಿ ಹೋಗಬೇಕೋ, ದಾರಿಯಲ್ಲಿ ಜಾರಿ ಬೀಳಬಾರದು.

ಇದನ್ನು ಓದುತ್ತಿರುವ ತಂಗಿ, ನಿನಗೂ ನಾಲ್ಕನೇ ತಿಂಗಳು ಬಿದ್ದಿದೆಯೇ? ವಾಂತಿ ನಿಂತಿತೆಂದು ಹೆದರಿ ಮನೆಯಲ್ಲಿ ಕೂರಬೇಡ, ನಿಂತಿತಲ್ಲ ಎಂದು ಮೈಮರೆಯಲೂ ಬೇಡ. ನಿನ್ನ ದಿನಕ್ಕೆ ಸರಿಯಾಗಿ ಹೋಗಿ ತೋರಿಸಿಕೊ. ಮನಸ್ಸಿನ ಹೆದರಿಕೆಯನ್ನೂ ಅಲ್ಲೇ ಬಾಯಿಬಿಟ್ಟು ಹೇಳು. ಅತ್ತೆಯರೇ, ಅಮ್ಮಂದಿರೇ, ಗಂಡಂದಿರೇ, ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ಆ ಟಕ್ ಟಕ್ ಸದ್ದು ಕೇಳುವಾಗ ಹಿಡಿದುಕೊಳ್ಳಲು ಅವಳಿಗೊಂದು ಕೈ ಬೇಕು.