ಹಿಮದ ದೀಕ್ಷಾಸ್ನಾನ

ಕೋಳಿಯೊಂದು ಪಾದ್ರಿಯವರ ಬೂಟಿನ ಪಕ್ಕದಲ್ಲೇ ಹುಲ್ಲು ಕೆದಕುತ್ತಿದೆ, ವೊಂದ್ರಾಚೆಕನ ಈ ಕೊಟ್ಟಿಗೆಯಲ್ಲಿ ಎಲ್ಲರ ಪಾಪವೂ ಅದರ ಕಿವಿಗೆ ಬೀಳುತ್ತಿರಬೇಕು, ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆ ಮಟ್ಟಿಗೆ ನಮಗಿಂತ ವಾಸಿ — ಪಾಪನಿವೇದನೆಯ ಸಾಲಿನಲ್ಲಿ ನನ್ನ ಮುಂದೆ ಇನ್ನು ಇಬ್ಬರೇ. ನಾಲ್ಕು ಜಿಲ್ಲೆಗೆ ಇವರೊಬ್ಬರೇ ಪಾದ್ರಿ, ಪಾಪ, ಕುದುರೆಯ ಬೆನ್ನೂ ಬಾಗಿಹೋಗಿದೆ. ಬೊಹೇಮಿಯಾದ ನಮ್ಮೂರಲ್ಲಿ ಇಬ್ಬಿಬ್ಬರಿದ್ದರು, ಆಗ ಕಂಡರೆ ದಾರಿ ತಪ್ಪಿಸಿ ಹೋಗುತ್ತಿದ್ದೆ, ಕಡಲೆಯಿದ್ದಾಗ ಹಲ್ಲಿರಲಿಲ್ಲ, ಈ ನೆಬ್ರಾಸ್ಕದಲ್ಲಿ ಹಲ್ಲಿದೆ, ಕಡಲೆ ಎರಡು ವರ್ಷಕ್ಕೊಮ್ಮೆ ಕುದುರೆ ಹತ್ತಿ ಬರುತ್ತದೆ. ಇವತ್ತೊಂದೇ ದಿನ, ಎಲ್ಲ ಮುಗಿಯಬೇಕು, ಪೂಜೆ, ಕೂಸುಗಳ ದೀಕ್ಷಾಸ್ನಾನ, ರೊಜಾರಿಯ ಮದುವೆ — ಅವಳ ಮಗ ಆಗಲೇ ಹಲ್ಲು ಬಂದು ಅಮ್ಮನ ಮದುವೆಯ ಸಿಹಿರೊಟ್ಟಿ ಕಚ್ಚುತ್ತಿದ್ದಾನೆ, ನಗುವಂತಿಲ್ಲ, ಪಾದ್ರಿ ಬರುವ ತನಕ ಪ್ರಾಯ ಕಾಯುತ್ತದೆಯೇ — ಕೊನೆಗೆ ದಿಬ್ಬದ ಮೇಲಿನ ಸ್ಮಶಾನಕ್ಕೆ ಆಶೀರ್ವಾದ. ದೀಕ್ಷೆಯಾದವರು ಬೇಲಿಯೊಳಗೆ, ಆಗದ ಕೂಸುಗಳು ಹೊರಗೆ. ಮೂರು ಕಡೆ ಬೇಲಿಯಾಗಿದೆ, ನಾಲ್ಕನೆಯ ಕಡೆ ಅಂಚಿನಲ್ಲೇ ಅಪೊಲೆನಾಳ ಮತ್ಯೇಯ್ ಮಲಗಿದ್ದಾನೆ, ಜನವರಿಯಲ್ಲಿ ಹುಟ್ಟಿ ಅದೇ ಗಳಿಗೆಯಲ್ಲಿ ಹೋದವನು. ಗಂಡಸರು ಗೂಟ ಹಿಡಿದು ನಿಂತಿದ್ದಾರೆ, ಲುದ್ಮಿಲಕ್ಕಾ, ಸೂಲಗಿತ್ತಿ ನೀವೇ ಅಲ್ವಾ, ಇವ್ನು ಒಳಗಾ ಹೊರಗಾ ಅಂತ ಪಾದ್ರಿಯವರನ್ನ ಕೇಳ್ಕೊಂಡ್ ಬನ್ನಿ, ಆಮೇಲ್ ಹೊಡೀತೀವಿ. ಅಪೊಲೆನಾ ಮಾತ್ರ ನನ್ನ ಲಂಗಕ್ಕೆ ಅಂಟಿದ್ದ ಹುಲ್ಲುಕಡ್ಡಿ ತೆಗೆದಳು.

ಪಾದ್ರಿಯಿಲ್ಲದ ಕಡೆ ಸೂಲಗಿತ್ತಿಯೇ ನೀರು ಹೊಯ್ದು ದೀಕ್ಷೆಯ ಮಾತು ಹೇಳಬಹುದು, ಎಷ್ಟು ಕೂಸುಗಳಿಗೆ ಹೇಳಿಲ್ಲ ನಾನು, ಆದರೆ ಮತ್ಯೇಯ್ ಹುಟ್ಟಿದಂದು ಬಿರುಗಾಳಿ, ಒಲೆಗೆ ಹುಲ್ಲು ಮುಗಿದು ಬಕೆಟ್ಟಿನ ನೀರು ಕಲ್ಲಾಗಿತ್ತು, ಕೂಸು ನೀಲಿ, ಬಾಗಿಲ ಸಂದಿಯಿಂದ ಒಳಗೆ ಬಿದ್ದಿದ್ದ ಹಿಮವನ್ನೇ ಒಂದು ಹಿಡಿ ಎತ್ತಿ ಹಣೆಗೆ ಒತ್ತಿದೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ, ಆ ಪುಟ್ಟ ಹಣೆಯ ಮೇಲೆ ಬೆಳ್ಳಗೆ — ಹಿಮವೂ ನೀರೇ ಅಲ್ಲವೇ? ಆಗಿನಿಂದ ಇದೇ ಕೊರೆತ, ಭಯಕ್ಕಿಂತ ಕುತೂಹಲವೇ ಹೆಚ್ಚು, ದೇವರು ಗೆರೆ ಎಳೆಯುವುದು ಎಲ್ಲಿ, ದೀಕ್ಷೆಗೆ ಹಾಲು ನಡೆಯುವುದಿಲ್ಲವಂತೆ, ಬಿಯರೂ ನಡೆಯುವುದಿಲ್ಲವಂತೆ (ಅದನ್ನು ಕೇಳಿದ್ದು ಮುದುಕ ವೊಂದ್ರಾಚೆಕ್, ಇನ್ಯಾರು), ಹೊಳೆ ನಡೆಯುತ್ತದೆ, ಮಳೆ ನಡೆಯುತ್ತದೆ, ಹಾಗಾದರೆ ಮೋಡದಿಂದಲೇ ಬಿದ್ದ ಹಿಮ ಯಾವ ತಪ್ಪು ಮಾಡಿತು — ಬಾಮ್ಮ, ಮುಂದೆ ಬಾ, ಪಾದ್ರಿ ಕರೆದದ್ದು ನನ್ನನ್ನೇ, ಮಂಡಿಯೂರಿದೆ, ಕೋಳಿ ಸರಿಯಿತು, ಅತ್ತಿಗೆಯನ್ನು ಬೈದದ್ದು, ಶುಕ್ರವಾರ ಮಾಂಸ ತಿಂದದ್ದು, ಆಮೇಲೆ, ಸ್ವಾಮಿ, ಒಂದ್ ಮಾತು, ಹಿಮದಲ್ಲಿ ದೀಕ್ಷೆ ಕೊಟ್ರೆ ಆಗುತ್ತಾ? ಅವರ ದಣಿದ ಕಣ್ಣು ತಟ್ಟನೆ ಅರಳಿತು, ಅಯ್ಯೋ, ಸೆಮಿನರಿಯಲ್ಲಿ ಪಾದ್ರಿ ಪಾಠ ಓದೋವಾಗ ಇದೇ ಪ್ರಶ್ನೆಗೆ ಇಡೀ ಸಂಜೆ ಜಗಳ ಆಡಿದ್ವಮ್ಮ! ಹಿಮ ಹಿಮವಾಗೇ ಉಳಿದ್ರೆ ಆಗಲ್ಲ, ಮೈಮೇಲೆ ಕರಗಿ ನೀರು ಹರಿದ್ರೆ ಆಯ್ತು, ಜೀವ ಮಾತ್ರ ಇರ್ಬೇಕು, ಕೂಸಿನ ಹಣೆ ಬಿಸಿ ಇತ್ತಾ, ಕರಗಿತಾ? ಎಷ್ಟು ಸಣ್ಣ ಪ್ರಶ್ನೆ, ಐದು ತಿಂಗಳು ನನಗೇ ಹೊಳೆಯಲಿಲ್ಲವಲ್ಲ, ಅಥವಾ ಹೊಳೆದಿತ್ತೇ, ನನ್ನ ಮಣಿಕಟ್ಟಿಗೆ ನೀರಿಳಿದದ್ದು ನೆನಪಿದೆ, ಅದು ನನ್ನ ಕೈಯ ಬಿಸಿಗೆ, ಕೂಸಿನ ಹಣೆ — ಆಯ್ತಾ ಅಕ್ಕಾ, ಅವತ್ತು ಹಾಸಿಗೆಯಿಂದ ಅಪೊಲೆನಾ, ಆಯ್ತು ಕಣೇ, ನಾನು, ಕೂಸಿನ ಮುಖದ ಮೇಲೆ ಬಟ್ಟೆ ಎಳೆಯುತ್ತಾ — ಕರಗಿತು ಸ್ವಾಮಿ. ಪಾಪ ಹೇಳಿಕೊಳ್ಳಲು ಬಂದವಳು ಅಲ್ಲೇ ಹೊಸದೊಂದು ಮಾಡಿದೆ, ಅವರು ಕೈಯೆತ್ತಿ ನನ್ನನ್ನು ಕ್ಷಮಿಸುತ್ತಿದ್ದಾರೆ, ಎದ್ದೆ, ಬಾಗಿಲಲ್ಲಿ ಬಿಸಿಲು, ದಿಬ್ಬದಿಂದ ಕೂಗುತ್ತಾರೆ, ಒಳಗಾ, ಹೊರಗಾ, ಲುದ್ಮಿಲಕ್ಕಾ? ಒಳಗೆ, ಒಳಗೇ ಹಾಕ್ಕೊಳ್ರಪ್ಪಾ, ಗೂಟಕ್ಕೆ ಮೊದಲ ಏಟು ಬಿತ್ತು, ಅಪೊಲೆನಾ ಅಳುತ್ತಾ ಓಡಿ ಬರುತ್ತಿದ್ದಾಳೆ, ಮತ್ತು ಅವತ್ತು ಕೂಸಿನ ಹುಬ್ಬಿನ ಮೇಲೆ ಹಿಮದ ಒಂದು ಹರಳು, ಬೆಳ್ಳಗೆ, ಬಟ್ಟೆ ಎಳೆಯುವ ತನಕ, ಹಾಗೇ, ಕರಗದೆ